ಅರ್ಧ ಮಿಲಿಮೀಟರ್ ಫ್ರೇಮು, ಒಂದು ಮಿಲಿಮೀಟರ್ ಟೇಪು

ಆರಿದ್ರಾ ಮಳೆ ಹಿಡಿದ ಮೇಲೆ ಶಿವಮೊಗ್ಗದಲ್ಲಿ ಮಾಡೆಲ್‌ಗಳಿಗೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮುಟ್ಟೋಕೆ ನನಗೆ ಮನಸ್ಸೇ ಬರುವುದಿಲ್ಲ. ಗಾಳಿಯಲ್ಲೇ ನೀರು. ಕಂಪ್ರೆಸರ್ ಪೈಪಿನಲ್ಲಿ ಹನಿ ಕಟ್ಟುತ್ತದೆ. ಲ್ಯಾಕರ್ ಬಣ್ಣ ಒಣಗುವಾಗ ಮೇಲೆ ಬಿಳಿ ಮಂಕು ಕೂರುತ್ತದೆ. ಕರೆಂಟಿನ ವಿಷಯ ಕೇಳಲೇಬೇಡಿ. ಆದರೆ ಮಾಡೆಲ್ ವಿಮಾನದ ಕ್ಯಾನಪಿಗೆ, ಅಂದರೆ ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳಕ್ಕೆ (ಮಾಡೆಲ್ಲಿನಲ್ಲಿ ಗಾಜು ಅಂದರೆ ಪಾರದರ್ಶಕ ಪ್ಲಾಸ್ಟಿಕ್ಕೇ), ಟೇಪ್ ಕತ್ತರಿಸಿ ಅಂಟಿಸೋಕೆ ಬಿಸಿಲೂ ಬೇಡ, ಕಂಪ್ರೆಸರೂ ಬೇಡ. ಚಾರ್ಜ್ ಆಗುವ ಒಂದು ದೀಪ, ಒಂದು ಭೂತಗನ್ನಡಿ ಇದ್ದರೆ ಸಾಕು. ಹಾಗಾಗಿ ಮಳೆಗಾಲ ಪೂರ್ತಿ ನನ್ನದು ಇದೇ ಕೆಲಸ.

ಈಗ ಮೇಜಿನ ಮೇಲಿರುವುದು 1/72 ಅಳತೆಯ ಹಾಕರ್ ಹರಿಕೇನ್, ಬ್ರಿಟಿಷ್ ಫೈಟರ್. 1944ರಲ್ಲಿ ಇಂಫಾಲದ ಕಡೆ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸುತ್ತಿದ್ದ ವಿಮಾನ. ಜಪಾನಿನ ಕೆಂಪು ಸೂರ್ಯನ ಗುರುತು ಅಂತ ಯಾರೂ ತಪ್ಪು ತಿಳಿಯಬಾರದು ಎಂದು ಬರ್ಮಾ ಕಡೆಯ ವಿಮಾನಗಳ ಗುರುತಿನ ವೃತ್ತದಿಂದ ಕೆಂಪನ್ನೇ ತೆಗೆದು ಎರಡು ಬಗೆಯ ನೀಲಿ ಹಾಕಿದ್ದರು. ನೋಡೋಕೆ ಬಲು ಚೆಂದ. ಕಷ್ಟ ಇರುವುದು ಕ್ಯಾನಪಿಯಲ್ಲಿ. ಅದೇ ಕಾಲದ ಇನ್ನೊಂದು ಬ್ರಿಟಿಷ್ ಫೈಟರ್ ಸ್ಪಿಟ್‌ಫೈರಿನ ಜಾರುವ ಮುಚ್ಚಳ ಹೆಚ್ಚುಕಡಿಮೆ ಒಂದೇ ಉಬ್ಬು ಗಾಜು. ಹರಿಕೇನಿನದು ಹಾಗಲ್ಲ, ಅಡ್ಡಕ್ಕೂ ಉದ್ದಕ್ಕೂ ಫ್ರೇಮು, ಪೂರ್ತಿ ಕಿಟಕಿ ಕಿಟಕಿ. ಅಸಲಿ ವಿಮಾನದಲ್ಲಿ 36 ಮಿ.ಮೀ. ಅಗಲದ ಪಟ್ಟಿ ಈ ಅಳತೆಯಲ್ಲಿ ಬರೀ ಅರ್ಧ ಮಿ.ಮೀ. ಆಗುತ್ತದೆ. ಅದಕ್ಕೆ ಮಾತ್ರ ಬಣ್ಣ ಬೀಳಬೇಕು, ಪಕ್ಕದ ಗಾಜಿಗೆ ಬೀಳಬಾರದು.

ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪ್ ಗೋಡೆಗೆ, ಕಾರಿಗೆ ಸರಿ. ಇಲ್ಲಿ ನಡೆಯುವುದಿಲ್ಲ. ಕಾಗದ ದಪ್ಪ, ಸುಕ್ಕು ಸುಕ್ಕು, ಕಿತ್ತರೆ ಗಾಜಿನ ಮೇಲೆ ಅಂಟು ಉಳಿಯುತ್ತದೆ. ನಾನು ಬಳಸುವುದು ಜಪಾನಿನ ಮಾಡೆಲ್ ಕಂಪನಿ ತಮಿಯಾದ ಹಳದಿ ಕಾಗದದ ಟೇಪ್. ತೆಳ್ಳಗಿರುತ್ತದೆ, ಕೆಳಗಿನ ಗೆರೆ ಮಸುಕಾಗಿ ಕಾಣುತ್ತದೆ. ಇಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳಬೇಕು. ರೋಲನ್ನು ಬಿಚ್ಚಿ ಮೇಜಿನ ಮೇಲೆ ಹಾಗೇ ಬಿಡಬೇಡಿ. ಅಂಚಿಗೆ ಧೂಳು ಕೂದಲು ಅಂಟುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಅಂಟೂ ಸೋಲುತ್ತದೆ. ಜಿಪ್ ಕವರಿಗೆ ಹಾಕಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪುಡಿಕೆ ಒಂದು ಜೊತೆಗಿಡುತ್ತೇನೆ.

ಬ್ಲೇಡು ಮೆಡಿಕಲ್ ಶಾಪಿನದು. 11 ನಂಬರಿನ ಸರ್ಜಿಕಲ್ ಬ್ಲೇಡ್, 3 ನಂಬರಿನ ಹಿಡಿ. ಮೊದಮೊದಲು ಅಂಗಡಿಯವರು "ಯಾರಿಗೆ ಏನಾಯ್ತು ಮಾರಾಯ್ರೆ?" ಅಂತ ಗಾಬರಿಯಿಂದ ಕೇಳುತ್ತಿದ್ದರು. ಈಗ ಸುಮ್ನೆ ಕೊಡುತ್ತಾರೆ. ಒಂದು ಕ್ಯಾನಪಿಗೆ ಒಂದು ಹೊಸ ಬ್ಲೇಡ್. ಇದರಲ್ಲಿ ಜಿಪುಣತನ ಬೇಡ, ಮೊಂಡು ಬ್ಲೇಡ್ ಟೇಪನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ.

ಕ್ಯಾನಪಿ ಪೂರ್ತಿ ಟೇಪ್ ಅಂಟಿಸಿ, ಫ್ರೇಮಿನ ಗೆರೆ ಹಿಡಿದು ಬ್ಲೇಡ್ ಎಳೆಯುವುದು ಒಂದು ಪದ್ಧತಿ. ತುಂಬಾ ಜನ ಹಾಗೇ ಮಾಡುತ್ತಾರೆ, ಚೆನ್ನಾಗೂ ಮಾಡುತ್ತಾರೆ. ನನಗೆ ಒಗ್ಗುವುದಿಲ್ಲ. ಬ್ಲೇಡ್ ಕೂದಲೆಳೆಯಷ್ಟು ಜಾರಿದರೂ ಗಾಜಿನ ಮೇಲೆ ಗೀರು, ಆ ಗೀರು ಟೇಪ್ ತೆಗೆದ ಮೇಲೇ ಕಾಣುವುದು. ನನ್ನ ಲೆಕ್ಕದಲ್ಲಿ ಟೇಪಿನ ಕೆಲಸ ಇರುವುದು ಗಾಜಿನ ಅಂಚಿನಲ್ಲಿ ಮಾತ್ರ. ನಡುವಿನ ಜಾಗಕ್ಕೆ ಏನು ಮುಚ್ಚಿದರೂ ಆಯಿತು.

ಅದಕ್ಕೇ ಟೇಪನ್ನು ಮೊದಲು ಬೇರೊಂದು ಅಸಲಿ ಗಾಜಿನ ತುಂಡಿನ ಮೇಲೆ ಅಂಟಿಸುತ್ತೇನೆ. ರೋಲಿನ ಹಳೆ ಅಂಚನ್ನು ಸ್ಟೀಲ್ ಸ್ಕೇಲ್ ಇಟ್ಟು ಕತ್ತರಿಸಿ ಬಿಸಾಡುತ್ತೇನೆ. ಆಮೇಲೆ ಒಂದು ಮಿ.ಮೀ. ಅಗಲದ, ಇನ್ನೂ ಸಣ್ಣದಾದರೆ ಇನ್ನೂ ಒಳ್ಳೆಯದು, ಪಟ್ಟಿಗಳನ್ನು ಸೀಳುತ್ತೇನೆ. ಅಗಲ ಒಂದೇ ಸಮ ಇರಬೇಕಿಲ್ಲ, ಅಂಚು ನೇರ ಇದ್ದರೆ ಸಾಕು. ಒಂದು ಪಟ್ಟಿಯನ್ನು ಚಿಮಟದಲ್ಲಿ ಎತ್ತಿ, ಒಂದು ತುದಿಯನ್ನು ಕಿಟಕಿಯ ಮೂಲೆಗೆ ಕೂರಿಸಿ, ಫ್ರೇಮಿಗೆ ಒತ್ತಿಕೊಂಡ ಹಾಗೆ ಗಾಜಿನ ಮೇಲೆ ಮಲಗಿಸಬೇಕು. ದೀಪವನ್ನು ತಲೆ ಮೇಲೆ ಇಡದೆ ಪಕ್ಕಕ್ಕೆ, ತಗ್ಗಿಗೆ ಇಡಿ. ಆಗ ಉಬ್ಬಿದ ಫ್ರೇಮಿನ ಒಂದು ಬದಿ ಮಿನುಗುತ್ತದೆ, ಇನ್ನೊಂದು ಬದಿಗೆ ಸಣ್ಣ ನೆರಳು ಬೀಳುತ್ತದೆ. ಪಟ್ಟಿ ಆ ನೆರಳಿಗೆ ತಾಗಿ ನಿಲ್ಲಬೇಕು. ಇನ್ನೊಂದು ತುದಿ ಮುಂದಿನ ಫ್ರೇಮಿನ ಮೇಲೆ ಹತ್ತಿರುತ್ತದೆ, ಅಲ್ವಾ? ಅಲ್ಲಿ ಬ್ಲೇಡನ್ನು ಎಳೆಯುವುದಿಲ್ಲ. ಮೊನೆಯನ್ನು ಮೇಲಿನಿಂದ ಒಂದೇ ಸಲ ಒತ್ತುತ್ತೇನೆ, ಹೆಚ್ಚಾದ ಚೂರನ್ನು ಚಿಮಟದಲ್ಲಿ ತೆಗೆಯುತ್ತೇನೆ. ಎಳೆದರೆ ಗೀರು, ಒತ್ತಿದರೆ ಇಲ್ಲ. ನಾಲ್ಕೂ ಬದಿಗೆ ಹೀಗೆ ಆದ ಮೇಲೆ ಟೂತ್‌ಪಿಕ್ಕಿನ ತುದಿಯಿಂದ ಅಂಚನ್ನು ತಿಕ್ಕಿ ಕೂರಿಸಬೇಕು. ಚೆನ್ನಾಗಿ ಕೂತ ಕಡೆ ಟೇಪಿನ ಬಣ್ಣ ತುಸು ಗಾಢವಾಗುತ್ತದೆ, ಗಾಳಿ ಉಳಿದ ಕಡೆ ಪೇಲವವಾಗಿ ಕಾಣುತ್ತದೆ.

ಉಬ್ಬು ಇರುವ ಕಡೆಗೆ ಅಗಲ ಟೇಪ್ ಹಾಕಿದರೆ ನಿಂಬೆಹಣ್ಣಿಗೆ ಕಾಗದ ಸುತ್ತಿದ ಹಾಗೆ ಮಡಿಕೆ ಬೀಳುತ್ತದೆ. ಸಣ್ಣ ಪಟ್ಟಿ ಬಾಗುತ್ತದೆ. ಅರ್ಧ ಮಿ.ಮೀ. ಸೀಳಿದರೆ ದುಂಡು ಮೂಲೆಗೂ ತಿರುಗುತ್ತದೆ.

ನಡುವಿನ ಜಾಗಕ್ಕೆ ಟೇಪಿನ ಚೂರುಗಳು, ಸಂದುಗಳಿಗೆ ಲಿಕ್ವಿಡ್ ಮಾಸ್ಕ್, ಅಂದರೆ ಹಚ್ಚಿ ಒಣಗಿಸಿ ಆಮೇಲೆ ಸುಲಿದು ತೆಗೆಯುವ ದ್ರವ. ಒಂದು ಎಚ್ಚರ. ಕೆಲವರು ಕ್ಯಾನಪಿ ಹೊಳೆಯಲಿ ಅಂತ ಅದನ್ನು ಅಕ್ರಿಲಿಕ್ ಫ್ಲೋರ್ ಪಾಲಿಶ್‌ನಲ್ಲಿ ಅದ್ದಿರುತ್ತಾರೆ. ಲಿಕ್ವಿಡ್ ಮಾಸ್ಕಿನ ಬಾಟಲಿ ತೆರೆದಾಗ ಮೂಗಿಗೆ ಅಮೋನಿಯಾ ಹೊಡೆದರೆ ಅದು ಆ ಪಾಲಿಶನ್ನು ಕೆಡಿಸಬಹುದು. ಅಂಥ ಕಡೆ ಬರೀ ಟೇಪ್ ಸಾಕು. ಕತ್ತರಿಸಿಟ್ಟ ರೆಡಿ ಮಾಸ್ಕ್‌ಗಳೂ ಬರುತ್ತವೆ, ಎಡುವಾರ್ಡ್ ಕಂಪನಿಯದು ಹೆಸರುವಾಸಿ. ಮೂತಿಯೆಲ್ಲ ಗಾಜೇ ಆಗಿರುವ ಜರ್ಮನ್ ಬಾಂಬರ್ ಹೈಂಕೆಲ್ 111 ಥರದ್ದು ಮಾಡುವುದಾದರೆ ನಾನೂ ಅದನ್ನೇ ಕೊಳ್ಳುತ್ತೇನೆ, ಹಟ ಮಾಡುವುದಿಲ್ಲ. ಫೈಟರ್ ವಿಮಾನಕ್ಕೆ ಅದು ದುಬಾರಿ ಅನ್ನುವುದು ನನ್ನ ಅಭಿಪ್ರಾಯ.

ಒಳಗಡೆಯನ್ನೂ ಮುಚ್ಚಬೇಕು. ಒಳಬದಿಗೆ ಟೇಪ್ ಹಾಕಿ, ಕ್ಯಾನಪಿಯನ್ನು ಐಸ್‌ಕ್ರೀಂ ಕಡ್ಡಿಗೆ ಸಿಕ್ಕಿಸಿ ಇಟ್ಟುಬಿಡುತ್ತೇನೆ. ಮಳೆ ಬಿಡುವು ಕೊಟ್ಟು ಎರಡು ದಿನ ಬಿಸಿಲು ಕಾಯ್ದರೆ ಬಣ್ಣ. ಬಹಳ ದಿನ ಕಾಯುವ ಹಾಗಾದರೆ ಸಿಂಪಡಿಸುವ ಮುಂಚೆ ಅಂಚುಗಳನ್ನು ಇನ್ನೊಮ್ಮೆ ಟೂತ್‌ಪಿಕ್ಕಿನಿಂದ ತಿಕ್ಕಿ. ಶೀತಕ್ಕೆ ಅಲ್ಲಲ್ಲಿ ಎದ್ದಿರುತ್ತದೆ.

ಮೊದಲ ಕೋಟ್ ಹೊರಗಿನ ಬಣ್ಣ ಅಲ್ಲ, ಕಾಕ್‌ಪಿಟ್ಟಿನ ಒಳಗಿನ ಬಣ್ಣ. ಬ್ರಿಟಿಷ್ ವಿಮಾನಗಳಿಗೆ ಬೂದು ಬೆರೆತ ತಿಳಿ ಹಸಿರು. ಜರ್ಮನ್ ವಿಮಾನಗಳಿಗಾದರೆ ಯುದ್ಧದ ನಡುವೆಯಿಂದ ಆಚೆಗೆ ಆರ್‌ಎಲ್‌ಎಂ 66 ಅನ್ನುವ ಕಡು ಬೂದು. ಗಾಜಿನ ಮೂಲಕ ಒಳಗಿನಿಂದ ನೋಡಿದಾಗ ಫ್ರೇಮಿನ ಬೆನ್ನು ಕಾಣುತ್ತದಲ್ಲ, ಅಲ್ಲಿ ಕಾಣುವುದು ಈ ಮೊದಲ ಕೋಟೇ. ಇದನ್ನು ಬಿಟ್ಟರೆ ಒಳಗಿನಿಂದಲೂ ಮರೆಮಾಚುವ ಬಣ್ಣವೇ ಕಂಡು ವಿಮಾನ ಆಟಿಕೆಯಂತಾಗುತ್ತದೆ. ಇನ್ನೊಂದು ಲಾಭವೂ ಇದೆ. ಟೇಪಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಸಂದಿದ್ದರೆ ಈ ಕೋಟ್ ಅದನ್ನು ಮುಚ್ಚಿಬಿಡುತ್ತದೆ, ಮೇಲಿನ ಬಣ್ಣ ಒಳಗೆ ನುಗ್ಗುವುದಿಲ್ಲ. ಎಲ್ಲ ಕೋಟೂ ಮಂಜಿನ ಹಾಗೆ ತೆಳ್ಳಗೆ, ನಡುವೆ ಬಿಡುವು ಕೊಟ್ಟು. ಒದ್ದೆಯಾಗುವಷ್ಟು ಹೊಡೆದರೆ ಯಾವ ಟೇಪೂ ತಡೆಯುವುದಿಲ್ಲ.

ಬಣ್ಣ ಒಣಗಿದ ಮೇಲೆ ಟೇಪನ್ನು ತಿಂಗಳುಗಟ್ಟಲೆ ಬಿಡಬೇಡಿ, ಅಂಟು ಗಟ್ಟಿಯಾಗುತ್ತದೆ. ಒಂದು ಮೂಲೆಯನ್ನು ಬ್ಲೇಡ್ ಮೊನೆಯಿಂದ ಎಬ್ಬಿಸಿ, ಟೇಪನ್ನು ಅದರ ಬೆನ್ನ ಮೇಲೇ ಮಡಚಿಕೊಂಡು, ಗಾಜಿಗೆ ಒರಗಿದ ಹಾಗೆ ನಿಧಾನಕ್ಕೆ ಎಳೆಯಬೇಕು. ಮೇಲಕ್ಕೆ ಕಿತ್ತರೆ ಬಣ್ಣದ ಪದರವೂ ಜೊತೆಗೆ ಬರಬಹುದು. ಎಲ್ಲಾದರೂ ಬಣ್ಣ ನುಗ್ಗಿದ್ದರೆ ಥಿನ್ನರ್ ಮುಟ್ಟಲೇಬೇಡಿ, ನೈಲ್‌ಪಾಲಿಶ್ ತೆಗೆಯುವ ದ್ರವವಂತೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಟೂತ್‌ಪಿಕ್ಕನ್ನು ಉಳಿಯ ಬಾಯಿಯಂತೆ ಚಪ್ಪಟೆ ಹೆರೆದು ಫ್ರೇಮಿನ ಗುಂಟ ತಳ್ಳಿದರೆ ಅಕ್ರಿಲಿಕ್ ಬಣ್ಣ ಪುಡಿಯಾಗಿ ಬರುತ್ತದೆ. ಮರ ಪ್ಲಾಸ್ಟಿಕ್ಕಿಗಿಂತ ಮೆತ್ತಗೆ, ಗಾಜಿಗೆ ಗೀರಾಗುವುದಿಲ್ಲ.

ಕ್ಯಾನಪಿ ಕೂರಿಸೋಕೆ ಸೂಪರ್ ಗ್ಲೂ ಬೇಡ. ಅದರ ಹಬೆ ಗಾಜಿನ ಮೇಲೆ ಬಿಳಿ ಮಬ್ಬಾಗಿ ಕೂತುಬಿಡುತ್ತದೆ, ಇಷ್ಟು ಹೊತ್ತು ಪಟ್ಟ ಪಾಡೆಲ್ಲ ವ್ಯರ್ಥ. ಮರಕ್ಕೆ ಹಾಕುವ ಬಿಳಿ ಫೆವಿಕಾಲೇ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ. ನಮ್ಮ ಹವೆಯಲ್ಲಿ ಅದರ ಬಿಳುಪು ಹೋಗೋಕೆ ಒಂದು ರಾತ್ರಿಗಿಂತ ಜಾಸ್ತಿ ಹಿಡಿಯುತ್ತದೆ. ಹೊರಗೆ ಉಕ್ಕಿದ್ದನ್ನು ಗಟ್ಟಿಯಾಗುವ ಮೊದಲು ಒದ್ದೆ ಬ್ರಷ್ಷಿನಲ್ಲಿ ಒರೆಸಿಬಿಡಿ.