ಗದ್ದೆಗೊರವ ಹಾರಿದಾಗ ಮೊದಲು ಕಿವಿಗೊಡಿ

ಚಳಿಗಾಲದಲ್ಲಿ ನಮ್ಮ ಕೆರೆಯಂಚಿಗೆ ವಲಸೆ ಬರುವ ಗದ್ದೆಗೊರವಗಳು (ಸ್ಯಾಂಡ್‌ಪೈಪರ್ ಬಳಗದ ನೀರಂಚಿನ ಹಕ್ಕಿಗಳು) ದೂರದಿಂದ ಒಂದೇ ಥರ ಕಾಣುತ್ತವೆ. ಹಕ್ಕಿ ಎದ್ದ ಕೂಡಲೇ ಕ್ಯಾಮೆರಾ ಎತ್ತುವವರಿಗೆ ಎರಡು ಒಳ್ಳೆಯ ಸುಳಿವುಗಳು ತಪ್ಪಿಹೋಗುತ್ತವೆ: ಕೂಗು ಮತ್ತು ಹಾರಾಟ.

ನೀರಿಗೆ ತಾಗುವಷ್ಟು ಕೆಳಗೆ, ಬಾಗಿದ ರೆಕ್ಕೆಗಳನ್ನು ಪಟಪಟನೆ ಬಡಿದು ನಡುನಡುವೆ ತೇಲಿದರೆ ಅದು ಕಾಮನ್ ಸ್ಯಾಂಡ್‌ಪೈಪರ್. ರೆಕ್ಕೆಯ ಮೇಲೆ ಬಿಳಿ ಪಟ್ಟಿಯಿದೆ. ಇದರಲ್ಲಿ ಗೊಂದಲವಿಲ್ಲ.

ತಲೆ ಕೆಡಿಸುವುದು ಗ್ರೀನ್ ಮತ್ತು ವುಡ್ ಸ್ಯಾಂಡ್‌ಪೈಪರ್. ಎರಡಕ್ಕೂ ಬಾಲದ ಬುಡ ಬಿಳಿ. ಅದೊಂದನ್ನೇ ನೋಡಿ ಹೆಸರು ಬರೆದುಕೊಳ್ಳಬೇಡಿ. ರೆಕ್ಕೆಯ ಅಡಿಭಾಗವನ್ನು ನೋಡಿ. ಗ್ರೀನ್‌ನದು ಕಡುಗಪ್ಪು, ವುಡ್‌ನದು ತಿಳಿಬಣ್ಣ. ವುಡ್‌ನ ಕಾಲ್ಬೆರಳುಗಳು ಬಾಲದಾಚೆ ಚಾಚಿರುತ್ತವೆ. ಗ್ರೀನ್ ಸಾಮಾನ್ಯವಾಗಿ ಒಂಟಿ. ಬೆಚ್ಚಿದರೆ ‘ಟ್ಲುಈಟ್-ವೀಟ್-ವೀಟ್’ ಎಂದು ಸ್ಪಷ್ಟವಾಗಿ ಕೂಗುತ್ತಾ ಎತ್ತರಕ್ಕೇರುತ್ತದೆ. ವುಡ್ ಗದ್ದೆಗಳಲ್ಲಿ ಗುಂಪಾಗಿಯೂ ಸಿಗುತ್ತದೆ. ಅದರದು ‘ಚಿಫ್-ಇಫ್-ಇಫ್’ ಎಂಬ ಒಣ, ಚುರುಕು ದನಿ. ನನ್ನ ಮಟ್ಟಿಗೆ, ಬೆಳಕು ಕಡಿಮೆಯಿದ್ದಾಗ ಬಣ್ಣಕ್ಕಿಂತ ಈ ದನಿಯೇ ಹೆಚ್ಚು ನಂಬಿಕಸ್ಥ.

ಒಂದೇ ಸ್ವರದಲ್ಲಿ ‘ಟ್ಯೂ-ಟ್ಯೂ-ಟ್ಯೂ’ ಎಂದು ಜೋರಾಗಿ ಕೇಳಿದರೆ ಅದೇ ಬಳಗದ ಗ್ರೀನ್‌ಶ್ಯಾಂಕ್. ರೆಕ್ಕೆಯ ಹಿಂಬದಿಯ ಅಂಚು ಅಗಲವಾಗಿ ಬಿಳಿಯಿದ್ದರೆ ಅದರ ಸಂಬಂಧಿ ರೆಡ್‌ಶ್ಯಾಂಕ್.

ಹೊರಡುವ ಮುನ್ನ ಹಕ್ಕಿಗಳ ದನಿಮುದ್ರಣಗಳಿರುವ ಝೀನೋ-ಕ್ಯಾಂಟೋ ಜಾಲತಾಣದಲ್ಲಿ ಈ ಕೂಗುಗಳನ್ನು ಕೇಳಿಕೊಳ್ಳಿ. ಹಾರಿಸಲೆಂದು ಕಲ್ಲು ಎಸೆಯುವ ಅಗತ್ಯವಿಲ್ಲ. ಕೆರೆಯ ಮೇಲೆ ಬೇಟೆಹಕ್ಕಿಯೊಂದು ಸುಳಿದರೆ ತಾವಾಗಿಯೇ ಏಳುತ್ತವೆ.