ಮಾಸ್ಟರ್ ಇಳಿಸಿದರೂ ಒಡೆಯುತ್ತಿದ್ದ ಸೌಂಡು

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಕನ್ನಡ ಗೆಳೆಯರ ರಾಜ್ಯೋತ್ಸವ. ಹಾಡು ಹಾಕುವ ಕೆಲಸ ನನ್ನದು. ಸಂಜೆಗೆ ಮುಂಚೆ ಪರೀಕ್ಷೆ ಮಾಡಿದರೆ, ಬೇಸ್ ಬಂದಾಗಲೆಲ್ಲ ಸೌಂಡು ಪರಪರ ಅಂತ ಒಡೆಯುತ್ತಿತ್ತು. ಸೌಂಡ್ ಮಿಕ್ಸರ್‌ನ ಮಾಸ್ಟರ್ (ಒಟ್ಟು ಸದ್ದಿನ ಗುಂಡಿ) ಇಳಿಸಿದೆ. ಸದ್ದು ಕಡಿಮೆಯಾಯಿತು, ಒಡಕು ಹೋಗಲಿಲ್ಲ.

ಸುಳಿವು ಸಿಕ್ಕಿದ್ದೇ ಅಲ್ಲಿ. ಮಾಸ್ಟರ್‌ಗೆ ಬರುವ ಮೊದಲೇ ಸಿಗ್ನಲ್ ಕೆಟ್ಟಿದ್ದರೆ, ಆಮೇಲೆ ಎಷ್ಟು ಇಳಿಸಿದರೂ ಸರಿಯಾಗುವುದಿಲ್ಲ, ಅಲ್ವಾ? ಚಾನೆಲ್ ಮೀಟರ್ ನೋಡಿದೆ, ಅಂದರೆ ಮಾಸ್ಟರ್‌ಗೆ ಮುಂಚೆ ಹಾಡಿನ ಸಿಗ್ನಲ್ ಎಷ್ಟಿದೆ ಎಂದು ತೋರಿಸುವ ದೀಪಗಳ ಸಾಲು. ಕೆಂಪು ದೀಪ ಆರುತ್ತಲೇ ಇರಲಿಲ್ಲ. ಮಿಕ್ಸರ್ ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಸಿಗ್ನಲ್ ಕೊಟ್ಟರೆ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಅದೇ ಕ್ಲಿಪ್ಪಿಂಗ್. ಟ್ವೀಟರ್ (ಸ್ಪೀಕರ್‌ನಲ್ಲಿ ಕೀರಲು ಸ್ವರ ನುಡಿಸುವ ಭಾಗ) ಸುಟ್ಟುಹೋಗುವ ಅಪಾಯವೂ ಇದೆ.

ಮೊದಲಿಂದ ಶುರು ಮಾಡಿದೆ. ಸ್ವರ ಹೊಂದಿಸುವ ಹೈ, ಮಿಡ್, ಲೋ (ಬೇಸ್) ಮೂರೂ ಗುಂಡಿ ನಡುವಿಗೆ. ಹಾಡಿನ ಅತಿ ಜೋರಾದ ಭಾಗ ಹಾಕಿ (ಮೆತ್ತನೆಯ ಆರಂಭ ಅಲ್ಲ, ಡೊಳ್ಳು ಬೀಳುವ ಜಾಗ) ಟ್ರಿಮ್, ಅಂದರೆ ಚಾನೆಲ್‌ಗೆ ಬರುವ ಸಿಗ್ನಲ್ ಹೆಚ್ಚು ಕಡಿಮೆ ಮಾಡುವ ಗುಂಡಿ, ಇಳಿಸಿ ನಿಧಾನಕ್ಕೆ ಏರಿಸಿದೆ. ಹಸಿರು ತುಂಬಿ ಹಳದಿ ಆಗಾಗ ಮಿಂಚಿದರೆ ಸಾಕು. ಇದನ್ನು ಪ್ರತಿ ಹಾಡಿಗೂ ಮಾಡಬೇಕು, ಏಕೆಂದರೆ ಹಳೆಯ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಮೆತ್ತಗಿರುತ್ತವೆ. ಬೇಸ್ ಗುಂಡಿ ಸುಮ್ನೆ ತಿರುಗಿಸಬೇಡಿ, ಅದರಿಂದಲೂ ಮಟ್ಟ ಏರುತ್ತದೆ.

ಆದರೂ ಒಂದು ಸ್ಪೀಕರ್‌ನಲ್ಲಿ ಒಡಕು ಉಳಿಯಿತು. ಅದರ ಬೆನ್ನಿನ ಸ್ವಿಚ್ 'ಮೈಕ್'ನಲ್ಲಿತ್ತು! ಮಿಕ್ಸರ್‌ನಿಂದ ಬರುವುದು ಲೈನ್ ಲೆವೆಲ್, ಮೈಕ್ ಸಿಗ್ನಲ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಸ್ಪೀಕರ್ ವಾಲ್ಯೂಮ್ ಪೂರ್ತಿ ಇಳಿಸಿ, ಸ್ವಿಚ್ಚನ್ನು 'ಲೈನ್'ಗೆ ಹಾಕಿ, ಹಾಲ್‌ಗೆ ಬೇಕಾದಷ್ಟು ಮತ್ತೆ ಏರಿಸಿದೆ. ಆ ಸಂಜೆ ಹಿಂದಿನ ಸಾಲಿನ ಅಜ್ಜಿಯರಿಗೂ ಹಾಡಿನ ಮಾತು ತಿಳಿಯಾಗಿ ಕೇಳಿತು.