ಮಕ್ಕಳ ಯೋಗ-ಜಿಮ್ನಾಸ್ಟಿಕ್ಸ್ ಕ್ಲಾಸ್ ಶುರು ಮಾಡ್ತೀರಾ? ಮೊದ್ಲು ಮಳೆಗಾಲದ ಲೆಕ್ಕ ಹಾಕಿ

ಏಪ್ರಿಲ್ ಬಂತು ಅಂದ್ರೆ ಶಿರಸಿ, ಕುಮಟಾ, ಕಾರವಾರ ಯಾವ ಪೇಟೆಗೆ ಹೋದ್ರೂ ಬೇಸಿಗೆ ಶಿಬಿರದ ಬ್ಯಾನರ್. ಯೋಗ, ಕರಾಟೆ, ಡ್ರಾಯಿಂಗ್ ಮೊದ್ಲಿಂದ ಇತ್ತು, ಈಗೀಗ ಜಿಮ್ನಾಸ್ಟಿಕ್ಸೂ ಸೇರ್ಕೊಂಡಿದೆ. ಶಿಬಿರಕ್ಕೆ ಮಕ್ಕಳು ತುಂಬಿ ಹೋಗ್ತವೆ, ಅದನ್ನ ನೋಡಿ ಹುರುಪು ಬಂದು ಜೂನಿಂದ ಪರ್ಮನೆಂಟ್ ಕ್ಲಾಸೇ ಮಾಡಿಬಿಡುವಾ ಅಂತ ಮೇನ್ ರೋಡಲ್ಲಿ ಹಾಲ್ ಹಿಡಿದು, ಅಡ್ವಾನ್ಸ್ ಕೊಟ್ಟು, ಹುಬ್ಬಳ್ಳಿಯಿಂದ ಮ್ಯಾಟ್ ತರಿಸಿ ಕೂತ್ರೆ ಜೂನ್ ಎರಡನೇ ವಾರಕ್ಕೆ ಅರ್ಧ ಮಕ್ಕಳ ಪತ್ತೆ ಇಲ್ಲ. ಎಲ್ಲಿ ಹೋದ್ರು? ವಾಪಸ್ ಬೆಂಗಳೂರಿಗೆ, ಪುಣೆಗೆ. ಅಜ್ಜನ ಮನೆಗೆ ರಜೆಗೆ ಬಂದವ್ರು ಅವ್ರೆಲ್ಲ. ಊರಲ್ಲೇ ಇರೋ ಮಕ್ಕಳನ್ನ ಮಳೆ ಮನೇಲಿ ಕೂರಿಸ್ತದೆ.

ಹಾಗಾಗಿ ಯೋಗವೋ ಜಿಮ್ನಾಸ್ಟಿಕ್ಸೋ ಸರಿಯಾಗಿ ಕಲ್ತು, ನಮ್ಮೂರಲ್ಲೇ ಸಣ್ಣದಾಗಿ ಕ್ಲಾಸ್ ನಡೆಸ್ಬೇಕು ಅಂತ ಇರೋ ಅಕ್ಕೋರು, ಮಾಸ್ತರು ಎಲ್ಲ ಲೆಕ್ಕವನ್ನೂ ಜುಲೈ ತಿಂಗಳು ಇಟ್ಕೊಂಡೇ ಹಾಕಿ. ಜುಲೈಲಿ ನಡೆಯೋ ಕ್ಲಾಸು ವರ್ಷಪೂರ್ತಿ ನಡೀತದೆ.

ಮೊದ್ಲು ಮಕ್ಕಳ್ಯಾರು ನೋಡಿ

ಜಡಿಮಳೇಲಿ ಸ್ಕೂಟಿ ಮೇಲೆ ಮಗುನ ಕರ್ಕೊಂಡು ಎಷ್ಟು ದೂರ ಬರ್ತಾರೆ? ಎರಡು ಕಿಲೋಮೀಟರು, ಹೆಚ್ಚಂದ್ರೆ ಮೂರು. ಆ ಸುತ್ತಳತೆಲಿ ಶಾಲೆ ಎಷ್ಟು, ಯಾವಾಗ ಬಿಡ್ತದೆ, ಟ್ಯೂಷನ್ ಎಷ್ಟೊತ್ತಿಗೆ, ಭರತನಾಟ್ಯ ಯಾವ ವಾರ, ಯಕ್ಷಗಾನ ಕ್ಲಾಸ್ ಯಾವ ವಾರ ಅಂತ ಒಂದು ಚೀಟಿ ಮೇಲೆ ಬರ್ಕೊಳ್ಳಿ. ಖಾಲಿ ಇರೋ ಟೈಮು ಎದ್ದು ಕಾಣ್ತದೆ. ಶಿರಸಿಗೆ ಸುತ್ತಲಿನ ಹಳ್ಳಿಯಿಂದ ಬಸ್ಸಿಗೆ ಬರೋ ಮಕ್ಕಳಿಗೆ ಸಂಜೆ ಬಸ್ ತಪ್ಪಿದ್ರೆ ಮುಗೀತು, ಅವ್ರನ್ನ ಸೇರಿಸ್ಕೊಳ್ಳೋದಾದ್ರೆ ಬಸ್ ಟೈಮ್ ನೋಡಿ ಬ್ಯಾಚ್ ಇಡಿ, ಇಲ್ಲಾ ಭಾನುವಾರ ಬೆಳಿಗ್ಗೆ ಇಡಿ. ಕಾರವಾರದಲ್ಲಿ ನೇವಿ ಮತ್ತು ಕೈಗಾ ಅಣುಸ್ಥಾವರದ ಕಡೆ ಕೆಲಸದಲ್ಲಿ ಇರೋರ ಮಕ್ಕಳೂ ಸಿಗ್ತಾರೆ, ಫೀಸಿಗೆ ಚೌಕಾಸಿ ಕಡಿಮೆ, ಆದ್ರೆ ಟ್ರಾನ್ಸ್‌ಫರ್ ಆದ್ರೆ ಹೊರಟ್ರು. ಅಲ್ಲಿ ಕೊಂಕಣಿ, ಹಿಂದಿ ಎರಡರಲ್ಲೂ "ಮೊಣಕಾಲು ಮಡಚು" ಅನ್ನೋಷ್ಟಾದ್ರೂ ಬರ್ಬೇಕು.

ವಯಸ್ಸಿನ ಪ್ರಕಾರ ಬ್ಯಾಚ್ ಬೇರೆ ಮಾಡಿ. ನಾಲ್ಕರಿಂದ ಆರು ವರ್ಷದವ್ರು ಒಂದು, ಏಳರಿಂದ ಹತ್ತು ಒಂದು, ಮೇಲಿನವ್ರು ಇನ್ನೊಂದು. ಚಿಕ್ಕವ್ರಿಗೆ 45 ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಹಿಡಿದಿಡೋಕೆ ಆಗೂದಿಲ್ಲ. ಒಬ್ಬ ಟೀಚರಿಗೆ ಎಂಟು ಮಕ್ಕಳು ಅಂತ ನನ್ನ ಲೆಕ್ಕ. ಹದಿನೈದು ತುಂಬಿಸಿದ್ರೆ ಒಬ್ರು ಲಾಗ ಹಾಕುವಾಗ ಹದಿನಾಲ್ಕು ಜನ ಗೋಡೆ ಹತ್ತಿರ್ತಾರೆ.

ಜಾಗ: ಗೋಡೆಗಿಂತ ನೆಲ ನೋಡಿ

ಕಲ್ಯಾಣ ಮಂಟಪದ ಸೈಡ್ ಹಾಲ್ ಅಗ್ಗಕ್ಕೆ ಸಿಗ್ತದೆ ಅಂತ ಖುಷಿ ಪಡ್ಬೇಡಿ, ಲಗ್ನದ ಸೀಸನ್ನಲ್ಲಿ ನಿಮ್ಮನ್ನ ಹೊರಗೆ ಹಾಕ್ತಾರೆ. ಶಾಲೆ ಹಾಲ್ ಸಂಜೆ ಹೊತ್ತು ಬಾಡಿಗೆಗೆ ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ. ತಗಡಿನ ಶೀಟ್ ಹಾಕಿದ ಶೆಡ್ ಆದ್ರೆ ದೊಡ್ಡ ಮಳೆ ಬಿದ್ದಾಗ ಒಳಗೆ ಹೋಗಿ ನಿಂತು ಮಾತಾಡಿ ನೋಡಿ, ನಿಮ್ಮ ಮಾತು ನಿಮಗೇ ಕೇಳೂದಿಲ್ಲ. ಅಲ್ಲಿ ಶವಾಸನ ಮಾಡಿಸೋದು ದೇವ್ರಿಗೇ ಪ್ರೀತಿ. ಹೆಂಚಿನ ಮಾಡು ಆದ್ರೆ ಸೋರೋ ಜಾಗ ಎಲ್ಲಿ ಅಂತ ಮಾಲೀಕರನ್ನ ಕೇಳ್ಬೇಡಿ, ನೆಲದ ಮೇಲಿನ ಕಲೆ ನೋಡಿ. ಸೀಲಿಂಗ್ ಫ್ಯಾನ್ ತಗ್ಗಿದ್ರೆ ಜಿಗಿಯೋ ಮಕ್ಕಳಿಗೆ ಅಪಾಯ, ಗೋಡೆ ಫ್ಯಾನ್ ಹಾಕ್ಸಿ.

ಮುಖ್ಯ ನೆಲ. ಮಳೆಗಾಲದಲ್ಲಿ ನಮ್ಮಲ್ಲಿ ರೆಡ್ ಆಕ್ಸೈಡ್ ನೆಲ ಇರ್ಲಿ, ಟೈಲ್ಸ್ ಇರ್ಲಿ, ಬೆವರ್ತದೆ. ಹಾಲ್ ಒಪ್ಪೋ ಮೊದ್ಲು ಒಂದು ರಾತ್ರಿ ನಾಲ್ಕೈದು ಕಡೆ ದಿನಪತ್ರಿಕೆ ಹಾಸಿ ಮೇಲೆ ಮ್ಯಾಟ್ ತುಂಡು ಇಟ್ಟು ಬನ್ನಿ. ಬೆಳಿಗ್ಗೆ ಎತ್ತಿದಾಗ ಪೇಪರ್ ಮೆತ್ತಗಾಗಿ ನೆಲಕ್ಕೆ ಅಂಟಿದ್ರೆ ಆ ಹಾಲಲ್ಲಿ ಮ್ಯಾಟ್ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡೀತದೆ, ಗರಿಗರಿ ಇದ್ರೆ ಬಾಡಿಗೆ ಐನೂರು ಜಾಸ್ತಿ ಹೇಳಿದ್ರೂ ಹಿಡೀರಿ.

ಸಾಮಾನು ಕಡಿಮೆ ತಗೊಳ್ಳಿ

ಟ್ರ್ಯಾಂಪೊಲಿನ್, ಬಾರ್ ಅಂತ ಮೊದ್ಲೇ ದುಡ್ಡು ಸುರೀಬೇಡಿ. ಪಝಲ್ ಥರ ಜೋಡಿಸೋ ದಪ್ಪ ಫೋಮ್ ಮ್ಯಾಟ್, ಇಳಿಯೋ ಜಾಗಕ್ಕೆ ಒಂದೆರಡು ಮೆತ್ತನೆ ಕ್ರಾಶ್ ಮ್ಯಾಟ್, ಒಂದು ಗಟ್ಟಿ ತಗ್ಗು ಸ್ಟೂಲು. ದುಡ್ಡು ಉಳಿಸೋಕೆ ಹೋಗಿ ಮ್ಯಾಟ್ ಬದ್ಲು ಜಮಖಾನ ಹಾಸಬೇಡಿ, ನುಣುಪು ನೆಲದ ಮೇಲೆ ಅದು ಜಾರಿದ್ರೆ ಮಗು ಹಲ್ಲು ಮುರ್ಕೊಳ್ತದೆ. ಸ್ಪರ್ಧೆಯ ಬ್ಯಾಲೆನ್ಸ್ ಬೀಮ್, ಅಂದ್ರೆ ಮೇಲೆ ನಡೆಯೋ ತೊಲೆ, 5 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 1.25 ಮೀಟರ್ ಎತ್ತರ. ನಿಮಗೆ ಆ ಎತ್ತರ ಬೇಡವೇ ಬೇಡ. ಮೊದ್ಲು ನೆಲದ ಮೇಲೆ 10 ಸೆಂಟಿಮೀಟರ್ ಅಗಲದ ಟೇಪ್ ಅಂಟಿಸಿ ನಡೆಸಿ, ಆಮೇಲೆ ಬಡಗಿ ಹತ್ರ ಒಂದು ಗೇಣು ಎತ್ತರದ, ಅಲುಗದ ಮರದ ಬೀಮ್ ಮಾಡಿಸಿ ಮೇಲೆ ಕಾರ್ಪೆಟ್ ಸುತ್ತಿಸಿ.

2016ರ ರಿಯೊ ಒಲಿಂಪಿಕ್ಸಲ್ಲಿ ಓಡಿ ಬಂದು ಮೇಜಿನಂಥ ಸಲಕರಣೆಗೆ ಕೈ ಊರಿ ಹಾರೋ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ ಬಂದ ದೀಪಾ ಕರ್ಮಾಕರ್ ಅಗರ್ತಲಾದಲ್ಲಿ ಚಿಕ್ಕವ್ರಿದ್ದಾಗ ಹಳೆ ಸ್ಕೂಟರ್ ಬಿಡಿಭಾಗದಿಂದ ಮಾಡಿದ ಸಲಕರಣೆ ಮೇಲೆ ಕಲ್ತವ್ರು. ಈ ಕತೆ ಹೇಳಿ ಕೆಲವ್ರು ಮ್ಯಾಟೂ ಇಲ್ದೆ ಕ್ಲಾಸ್ ನಡೆಸ್ತಾರೆ ನೋಡಿ, ಅದು ಮಾತ್ರ ಸರಿ ಅಲ್ಲ.

ಮಳೆಗಾಲದಲ್ಲಿ ಕ್ಲಾಸ್ ಮುಗಿದ ಮೇಲೆ ಮ್ಯಾಟ್ ಒರೆಸಿ, ಒಂದರ ಮೇಲೊಂದು ಪೇರಿಸಿ ಇಡ್ಬೇಡಿ, ರೀಪಿನ ಮೇಲೆ ಸಂದು ಬಿಟ್ಟು ನಿಲ್ಲಿಸಿ. ಅಪರೂಪಕ್ಕೆ ಬಿಸಿಲು ಬಂತು ಅಂತ ಫೋಮ್ ಮ್ಯಾಟನ್ನ ಅಂಗಳದಲ್ಲಿ ಅಡಿಕೆ ಒಣಗಿಸಿದ ಹಾಗೆ ಹಗಲಿಡೀ ಹರಡಬೇಡಿ, ಬಿಸಿಗೆ ಮುದುಡಿ ಜೋಡಣೆ ಕೂರೂದಿಲ್ಲ. ನೆರಳಲ್ಲಿ ಗಾಳಿಗೆ ಇಟ್ರೆ ಸಾಕು.

ಕಲಿಸೋದು: ಮೊದ್ಲು ಬೀಳೋದು

ಮೊದಲ ತಿಂಗಳು ಬರೀ ಇಳಿಯೋದು, ಉರುಳೋದು. ತಗ್ಗು ಸ್ಟೂಲಿಂದ ಜಿಗಿದು ಮುಂಗಾಲು ಮೊದ್ಲು ಊರಿ, ಮೊಣಕಾಲು ಮಡಚಿ, ಕೈ ಮುಂದೆ ಚಾಚಿ ನಿಲ್ಬೇಕು. ಮಗು ಸರಿಯಾಗಿ ಇಳೀತಾ ಅಂತ ತಿಳಿಯೋಕೆ ಕಿವಿ ಸಾಕು. ಧಡ್ ಅಂತ ಸಪ್ಪಳ ಬಂದ್ರೆ ಮೊಣಕಾಲು ನೆಟ್ಟಗಿದೆ ಅಂತ ಅರ್ಥ. ಯಕ್ಷಗಾನ ಕಲಿಯೋ ಮಕ್ಕಳಿದ್ರೆ ಅವ್ರು ದಿಗಿಣ ಹಾರಿ ಹಾರಿ ಕಾಲು ಹಗುರ ಆಗಿರ್ತದೆ, ಅವ್ರನ್ನೇ ಮುಂದೆ ನಿಲ್ಲಿಸಿ ತೋರಿಸ್ಲಿಕ್ಕೆ ಹೇಳಿ.

ಆಮೇಲೆ ಲಾಗ. ನಮ್ಮೂರ ಮಕ್ಕಳಿಗೆ ಲಾಗ ಹಾಕೋದು ಬರ್ತದೆ, ಆದ್ರೆ ನೆತ್ತಿ ಊರಿ ಹಾಕ್ತಾರೆ, ಕುತ್ತಿಗೆಗೆ ಪೆಟ್ಟು ಬೀಳೋದು ಅಲ್ಲೇ. ಒಂದು ಕರ್ಚೀಫ್ ಮಡಚಿ ಗದ್ದ ಮತ್ತು ಎದೆ ನಡುವೆ ಇಡಿ, ಅದು ಬೀಳದ ಹಾಗೆ ಉರುಳೋಕೆ ಹೇಳಿ. ಗದ್ದ ಎದೆಗೆ ಅಂಟಿದ್ರೆ ಬೆನ್ನು ತಾನಾಗೇ ಗುಂಡಗಾಗ್ತದೆ, ಭಾರ ಕೈ ಮೇಲೆ ಬಂದು ಹೆಗಲಿನ ಹಿಂಭಾಗ ಮೊದ್ಲು ನೆಲಕ್ಕೆ ತಾಗ್ತದೆ. ಕರ್ಚೀಫ್ ಬೀಳದೆ ಉರುಳಿದವ್ರಿಗೆ ಮುಂದಿನ ಪಾಠ. ಅಪ್ಪ ಅಮ್ಮಂದಿರಿಗೆ ಎರಡೇ ವಾರಕ್ಕೆ ಕೈ ಊರಿ ಚಕ್ರದ ಹಾಗೆ ಪಕ್ಕಕ್ಕೆ ತಿರುಗೋ ಕಾರ್ಟ್‌ವೀಲ್ ವಿಡಿಯೋ ಬೇಕಾಗಿರ್ತದೆ, ಕೊಡೋಕೆ ಹೋಗ್ಬೇಡಿ.

ಯೋಗವನ್ನ ಜಿಮ್ನಾಸ್ಟಿಕ್ಸಿನ ವಾರ್ಮಪ್ ಮತ್ತು ಕೊನೆಗೆ ಇಟ್ರೆ ಎರಡೂ ಚೆಂದ ಹೊಂದ್ತವೆ. ಹನ್ನೆರಡು ಹೆಜ್ಜೆಯ ಸೂರ್ಯನಮಸ್ಕಾರ ಮೈ ಬಿಸಿ ಮಾಡೋಕೆ, ವೃಕ್ಷಾಸನ ಬೀಮ್ ನಡಿಗೆಗೆ ಪೂರ್ವತಯಾರಿ. ಚಿಕ್ಕವ್ರಿಗೆ ಭುಜಂಗ, ಮಂಡೂಕ, ಮಾರ್ಜಾಲ ಅಂತ ಪ್ರಾಣಿ ಹೆಸರಲ್ಲೇ ಆಟ ಆಡಿಸಿ. ಶೀರ್ಷಾಸನ, ಉಸಿರು ಕಟ್ಟಿ ಹಿಡಿಯೋ ಪ್ರಾಣಾಯಾಮ ಚಿಕ್ಕ ಮಕ್ಕಳಿಗೆ ಬೇಡ. ಮತ್ತೆ ಕಾಲು ಎರಡೂ ಕಡೆ ಚಾಚಿ ನೆಲಕ್ಕೆ ಕೂರೋ ಸ್ಪ್ಲಿಟ್ ಬರ್ಲಿಲ್ಲ ಅಂತ ಮಗುವಿನ ಬೆನ್ನ ಮೇಲೆ ಕೂತು ಒತ್ತೋ ಮಾಸ್ತರು ಇನ್ನೂ ಇದ್ದಾರೆ, ಅಂಥವ್ರನ್ನ ಹೆಲ್ಪರ್ ಆಗಿಯೂ ಇಟ್ಕೊಳ್ಬೇಡಿ. ಮನೆಯಿಂದ ಹೊಟ್ಟೆ ತುಂಬ ತಿಂದು ಬರ್ಬಾರ್ದು, ಊಟ ಆಗಿ ಎರಡು ತಾಸಾದ್ರೂ ಆಗಿರ್ಬೇಕು ಅಂತ ಮೊದ್ಲೇ ಹೇಳಿಡಿ.

ಕಾಗದಪತ್ರ

ನಗರಸಭೆ, ಪುರಸಭೆ ಅಥವಾ ಪಂಚಾಯ್ತಿಲಿ ಟ್ರೇಡ್ ಲೈಸೆನ್ಸ್ ಬಗ್ಗೆ ವಿಚಾರಿಸಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಳಗೆ ಕಾರ್ಮಿಕ ಇಲಾಖೆ ನೋಂದಣಿ ನಿಮಗೂ ಬೇಕಾ ಅಂತ ಅದೇ ಓಡಾಟದಲ್ಲಿ ಕೇಳ್ಕೊಂಡು ಬನ್ನಿ. ಸಣ್ಣ ಉದ್ಯಮಗಳಿಗಿರೋ ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಆಧಾರ್ ಇಟ್ಕೊಂಡು ಪೂರ್ತಿ ಫ್ರೀ ಆಗ್ತದೆ, ಅದಕ್ಕೆ ದುಡ್ಡು ಕೇಳಿದವ್ರಿಗೆ ಕೊಡ್ಬೇಡಿ. ಸೇವೆ ಕೊಡೋ ವ್ಯವಹಾರಕ್ಕೆ ವರ್ಷದ ವಹಿವಾಟು 20 ಲಕ್ಷದೊಳಗೆ ಇದ್ರೆ ಜಿಎಸ್‌ಟಿ ನೋಂದಣಿ ತಲೆಬಿಸಿ ಇಲ್ಲ. ಮ್ಯಾಟಿಗೆ ಸಾಲ ಬೇಕಂದ್ರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿ ತನಕ ಬ್ಯಾಂಕಲ್ಲಿ ಕೇಳ್ಬಹುದು. ನಿಮ್ಮ ಸರ್ಟಿಫಿಕೇಟ್ ಫ್ರೇಮ್ ಹಾಕಿ ಗೋಡೆಗೆ ಹಾಕಿ. ಆಯುಷ್ ಇಲಾಖೆಯ ಯೋಗ ಸರ್ಟಿಫಿಕೇಶನ್ ಬೋರ್ಡಿನದೋ, ಜಿಮ್ನಾಸ್ಟಿಕ್ಸಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದ್ರೆ ಎನ್‌ಐಎಸ್ ಕೋರ್ಸಿನದೋ ಇದ್ರೆ ಒಳ್ಳೆ ತೂಕ ಬರ್ತದೆ.

ಇದಕ್ಕಿಂತ ದೊಡ್ಡ ವಿಷ್ಯ ಮಕ್ಕಳ ಸುರಕ್ಷತೆ. ಜಿಮ್ನಾಸ್ಟಿಕ್ಸಲ್ಲಿ ಮಗುನ ಹಿಡೀಲೇಬೇಕಾಗ್ತದೆ, ಎಲ್ಲಿ ಹಿಡೀತೀರಿ, ಯಾಕೆ ಅಂತ ಮೊದಲ ದಿನವೇ ಹೆತ್ತವ್ರ ಎದುರಿಗೇ ಮಾಡಿ ತೋರಿಸಿ. ಬಾಗಿಲು ತೆಗೆದೇ ಇರ್ಲಿ, ನೋಡೋರು ಕೂತು ನೋಡ್ಲಿ. ಹೆಲ್ಪರಿಗೆ ಪೊಲೀಸ್ ವೆರಿಫಿಕೇಶನ್ ಮಾಡ್ಸಿ, ಸರ್ಕಾರದ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕ್ಬಹುದು. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿಗೆ ದೌರ್ಜನ್ಯ ಆಗಿದ್ದು ಗೊತ್ತಿದ್ದೂ ದೂರು ಕೊಡದೆ ಸುಮ್ನಿರೋದೇ ಅಪರಾಧ, ಹಾಗಾಗಿ ಮಕ್ಕಳ ಸಹಾಯವಾಣಿ 1098 ನಂಬರ್ ಗೋಡೆ ಮೇಲೆ ದೊಡ್ಡದಾಗಿ ಬರ್ಸಿ. ಸೇರುವಾಗಲೇ ಉಬ್ಬಸ, ಫಿಟ್ಸ್, ಹಿಂದೆ ಕೈಕಾಲು ಮುರಿದಿದ್ದು ಎಲ್ಲ ಫಾರ್ಮಲ್ಲಿ ಬರೆಸ್ಕೊಳ್ಳಿ. ಕುತ್ತಿಗೆಗೆ ಪೆಟ್ಟು ಬಿದ್ದ ಅನುಮಾನ ಇದ್ರೆ ಎತ್ತಿ ಕೂರಿಸ್ಬೇಡಿ, ಅಲ್ಲೇ ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ.

ಫೀಸಿನ ಲೆಕ್ಕ

ಉದಾಹರಣೆಗೆ ತಿಂಗಳಿಗೆ 700 ರೂಪಾಯಿ ಫೀಸು ಅಂತ ಇಟ್ಕೊಳ್ಳಿ. 25 ಮಕ್ಕಳಾದ್ರೆ 17,500. ಹಾಲಿಗೆ 6,000, ಕರೆಂಟಿಗೆ 800, ಹೆಲ್ಪರಿಗೆ 4,000 ಕಳೆದ್ರೆ ನಿಮ್ಮ ಕೈಗೆ 6,700. ಜುಲೈಲಿ 15 ಮಕ್ಕಳೇ ಬಂದ್ರೆ? 10,500. ಖರ್ಚು ಮಾತ್ರ ಅದೇ 10,800, ಕಿಸೆಯಿಂದ 300 ಹೋಯ್ತು. ಅದಕ್ಕೇ ಫೀಸ್ ತಿಂಗಳ ಮೇಲೆ ತಗೊಳ್ಬೇಡಿ, ಮೂರು ತಿಂಗಳಿಗೊಮ್ಮೆ ತಗೊಳ್ಳಿ, ಜೂನ್‌ನಿಂದ ಆಗಸ್ಟ್ ಒಂದು ಕಂತು.

"ಅಕ್ಕೋರೆ, ಮಳೆ ಅಂತ ನಮ್ಮ ಮಾಣಿ ಎಂಟು ದಿನ ಬರ್ಲೇ ಇಲ್ಲ, ಅರ್ಧ ಫೀಸ್ ಮಾಡ್ಕಳಿ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಕ್ಲಾಸಿಗೂ ರಜೆ, ಬದ್ಲಿಗೆ ಒಂದು ಭಾನುವಾರ ಕ್ಲಾಸ್ ಇರ್ತದೆ, ಉಳಿದ ಗೈರಿಗೆ ಕಡಿತ ಇಲ್ಲ ಅಂತ ಫಾರ್ಮಲ್ಲೇ ಅಚ್ಚು ಹಾಕ್ಸಿದ್ರೆ ನಿಷ್ಠುರ ಆಗೋದು ತಪ್ತದೆ. ಶಿರಸಿಯವ್ರು ಎರಡು ವರ್ಷಕ್ಕೊಮ್ಮೆ ಬರೋ ಮಾರಿಕಾಂಬಾ ಜಾತ್ರೆ ರಜೆಯನ್ನೂ ಅದ್ರಲ್ಲೇ ಸೇರ್ಸಿ. ಆ ದಿನಗಳಲ್ಲಿ ಪೇಟೆ ಒಳಗೆ ಸ್ಕೂಟರ್ ಹೋಗ್ಲಿಕ್ಕೇ ಜಾಗ ಇರೂದಿಲ್ಲ, ಕ್ಲಾಸಿಗೆ ಯಾರು ಬರ್ತಾರೆ.

ಜನಕ್ಕೆ ತಿಳಿಸೋದು

2015ರಿಂದ ಜೂನ್ 21 ಯೋಗ ದಿನ, ಶಾಲೆಗಳಿಗೆ ಆ ವಾರ ಹೇಳ್ಕೊಡೋರು ಬೇಕಾಗಿರ್ತಾರೆ. ಸುತ್ತಲಿನ ಎರಡು ಶಾಲೆಗೆ ಹೋಗಿ ಫ್ರೀ ಆಗಿ ಹೇಳ್ಕೊಟ್ಟು ಬನ್ನಿ, ಬ್ಯಾನರಿಗಿಂತ ಜಾಸ್ತಿ ಕೆಲ್ಸ ಮಾಡ್ತದೆ. ಯೋಗಾಸನಕ್ಕೆ 2020ರಲ್ಲಿ ಕೇಂದ್ರ ಸರ್ಕಾರ ಸ್ಪರ್ಧಾತ್ಮಕ ಕ್ರೀಡೆ ಅಂತ ಮಾನ್ಯತೆ ಕೊಟ್ಟಿದ್ದು ನಿಜ, ಆ ಹೆಸರಲ್ಲಿ ಮೆಡಲ್ ಆಸೆ ತೋರ್ಸಿ ಅಡ್ಮಿಷನ್ ಮಾಡ್ಬೇಡಿ. ಮಕ್ಕಳ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕೋ ಮೊದ್ಲು ಹೆತ್ತವ್ರನ್ನ ಕೇಳಿ.

ಡೆಮೊ ಕ್ಲಾಸನ್ನ ಶನಿವಾರ ಮಧ್ಯಾಹ್ನ ಮೇಲೆ, ಬೇಕಂತಲೇ ಮಳೆಗಾಲದಲ್ಲೇ ಇಡಿ. ಬಾಗಿಲ ಹತ್ರ ಕೊಡೆ ಇಡೋಕೆ ದೊಡ್ಡ ಬಾಲ್ದಿ, ರೇನ್‌ಕೋಟಿಗೆ ಹಗ್ಗ, ಕಾಲು ಒರೆಸೋಕೆ ಗೋಣಿಚೀಲ. ಒದ್ದೆ ಕಾಲಲ್ಲಿ ಮ್ಯಾಟ್ ಹತ್ತಬಾರ್ದು ಅನ್ನೋ ರೂಲ್ಸ್ ಮಕ್ಕಳಿಗೂ, ಅವ್ರ ಆಯಿಗೂ, ಫೀಸ್ ಕೊಡ್ಲಿಕ್ಕೆ ಬಂದ ಅಪ್ಪನಿಗೂ ಒಂದೇ.